ನಾನು ಮೊದಲೇ ಹೇಳಿದ್ದೆ

ಮನೆಮಂದಿಯೆಲ್ಲ ಸೇರಿ ಟಿಟಿ ಮಾಡಿಕೊಂಡು ಟೂರು ಹೊರಡುವುದು ಊರು ನೋಡುವುದಕ್ಕೆ ಎಂದು ಯಾರಾದರೂ ನಂಬಿದ್ದರೆ, ಅವರ ಮನೆಯಲ್ಲಿ ಜನ ಕಡಿಮೆ ಇರಬೇಕು. ದಾರಿಯಲ್ಲಿ ಏನಾದರೂ ಕೆಡಬೇಕು, ಅದು ಯಾರಿಂದ ಕೆಟ್ಟಿತು ಅಂತ ಪತ್ತೆ ಹಚ್ಚಬೇಕು, ಟೂರಿನ ಅಸಲಿ ಉದ್ದೇಶ ಇಷ್ಟೇ. ಟೈರು ಪಂಕ್ಚರ್ ಆದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ. ‘ಈ ದಾರೀಲಿ ಬರೋಣ ಅಂದೋರು ಯಾರು?’ ಎಂಬ ವಿಚಾರಣೆ ಮಾತ್ರ ಗೌರಿ ಹಬ್ಬ ದಾಟಿ ದೀಪಾವಳಿವರೆಗೂ ನಡೆಯುತ್ತದೆ. ಈ ಕೋರ್ಟಿನಲ್ಲಿ ಎಲ್ಲರೂ ಜಡ್ಜುಗಳೇ, ಎಲ್ಲರೂ ಸಾಕ್ಷಿಗಳೇ. ಆರೋಪಿ ಮಾತ್ರ ಮೊದಲೇ ಗೊತ್ತು ಮಾಡಿಟ್ಟ ಮನುಷ್ಯ. ನಮ್ಮಲ್ಲಿ ಆ ಸ್ಥಾನ ಭಾವನದು.

ಭಾವ ಒಳ್ಳೆಯವರು. ಆದರೆ ಅವರಿಗೊಂದು ಎಕ್ಸೆಲ್ ಶೀಟಿನ ಚಟ. ‘5.00: ಬೆಂಗಳೂರು ಬಿಡುವುದು. 7.40: ಚನ್ನರಾಯಪಟ್ಟಣ, ತಿಂಡಿ, 25 ನಿಮಿಷ. 12.00: ಸುಬ್ರಹ್ಮಣ್ಯ ದರ್ಶನ, ಊಟ’ ಎಂದು ಬಣ್ಣಬಣ್ಣದ ಚೌಕಗಳಲ್ಲಿ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಶನಿವಾರ ಹೊರಟು ಸೋಮವಾರ ರಾತ್ರಿ ವಾಪಸ್. ಅಷ್ಟರಲ್ಲಿ ಸುಬ್ರಹ್ಮಣ್ಯ, ಧರ್ಮಸ್ಥಳ, ಹೊರನಾಡು, ಶೃಂಗೇರಿ, ಉಡುಪಿ, ಕೊಲ್ಲೂರು, ಸಮಯ ಉಳಿದರೆ ಮುರುಡೇಶ್ವರ. ಉಡುಪಿಯ ಚೌಕದಲ್ಲಿ ‘ಕೃಷ್ಣ ದರ್ಶನ: 35 ನಿಮಿಷ’ ಎಂದಿತ್ತು. ಕನಕನಿಗೆ ಹಿಂದಿನ ಕಿಂಡಿಯೇ ಗತಿಯಾಗಿದ್ದ ಊರಿನಲ್ಲಿ ಭಾವನಿಗೆ ಮೂವತ್ತೈದೇ ನಿಮಿಷಕ್ಕೆ ದರ್ಶನ ಕೊಡಬೇಕು ಆ ಕೃಷ್ಣ.

ತಿಂಗಳು ಆಷಾಢ. ಮದುವೆ ಮುಂಜಿ ಇಲ್ಲ, ಎಲ್ಲರೂ ಬಿಡುವಾಗಿರುತ್ತಾರೆ ಎನ್ನುವುದು ಭಾವನ ಲೆಕ್ಕ. ರಸ್ತೆ ಕೆಲಸದಲ್ಲೇ ತಲೆ ನರೆಸಿಕೊಂಡು ರಿಟೈರಾದ ಚಿಕ್ಕಪ್ಪ ಗ್ರೂಪಿನಲ್ಲಿ ಒಂದೇ ಒಂದು ಮೆಸೇಜು ಹಾಕಿದರು: ‘ಬೆಂಗಳೂರಿಗೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಗೆ ಏಳು ಸಾವಿರಕ್ಕೂ ಮೇಲೆ. ಅದರಲ್ಲಿ ಬಹುಪಾಲು ಬೀಳೋದು ಈಗ.’ ಅದಕ್ಕೆ ಭಾವ ಒಂದು ಹೆಬ್ಬೆಟ್ಟು ಒತ್ತಿದರು. ಚಿಕ್ಕಪ್ಪ ಆ ಮೆಸೇಜನ್ನು ಸ್ಟಾರ್ ಮಾಡಿ ಇಟ್ಟುಕೊಂಡರು. ಮುಂದೆ ಸಾಕ್ಷ್ಯಕ್ಕೆ ಬೇಕಾಗುತ್ತದೆ ಅಂತ ಅವರಿಗೆ ಆಗಲೇ ಗೊತ್ತಿತ್ತು.

ಬೆಳಗ್ಗೆ ಐದಕ್ಕೆ ಸರಿಯಾಗಿ ರೆಡಿ ಇದ್ದವನು ಡ್ರೈವರಣ್ಣ ಒಬ್ಬನೇ. ಬಂದವನು ಗಾಡಿ ನಿಲ್ಲಿಸಿ, ಸೀಟು ಹಿಂದಕ್ಕೆ ಮಾಡಿಕೊಂಡು ಮಲಗಿಬಿಟ್ಟ. ಇಂಥ ಸಂಸಾರಗಳನ್ನು ಅವನು ಬಹಳ ಕಂಡಿರಬೇಕು. ಏಳರ ಹೊತ್ತಿಗೆ ಲಗೇಜು ಗಾಡಿಯ ತಲೆ ಮೇಲೆ ಏರಿತು. ಎಂಟಾದರೂ ಅಕ್ಕನ ಪುಳಿಯೋಗರೆ ಆರಿರಲಿಲ್ಲ. ಬಿಸಿ ಇರುವಾಗ ಡಬ್ಬಿಗೆ ತುಂಬಿದರೆ ಬೆವರಿ ಹಳಸುತ್ತದೆ ಎಂದು ನಾಲ್ಕು ತಟ್ಟೆಗಳಲ್ಲಿ ಹರಡಿ ಫ್ಯಾನಿನ ಕೆಳಗೆ ಇಟ್ಟಿದ್ದಳು. ಇನ್ನೇನು ಒಂಬತ್ತಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಚಿಕ್ಕಮ್ಮ ಕ್ಯಾಲೆಂಡರ್ ಕಡೆ ನೋಡಿ ಹೌಹಾರಿದರು. ಶನಿವಾರ, ಒಂಬತ್ತರಿಂದ ಹತ್ತೂವರೆ ರಾಹುಕಾಲ! ನೆತ್ತಿಗೆ ಎಣ್ಣೆ ಹಚ್ಚಿಕೊಂಡ ಚಿಕ್ಕಪ್ಪ ಇನ್ನೂ ಬಚ್ಚಲಲ್ಲಿ. ಕೊನೆಗೊಂದು ಉಪಾಯ ಹುಡುಕಿದ್ದಾಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ದೊಡ್ಡಮ್ಮನನ್ನೂ ಕೊಡಪಾನ ನೀರನ್ನೂ ಒಳಗೆ ಕೂರಿಸಿ, ಗಾಡಿಯನ್ನು ಮೂಲೆಯ ಟೀ ಅಂಗಡಿವರೆಗೆ ಓಡಿಸಿ ನಿಲ್ಲಿಸಲಾಯಿತು. ಶಾಸ್ತ್ರೋಕ್ತವಾಗಿ ಟೂರು 8.56ಕ್ಕೆ ಹೊರಟಿತು. ಮಿಕ್ಕ ನಾವೆಲ್ಲ ಒಂಬತ್ತೂ ಕಾಲಿಗೆ ಟೀ ಅಂಗಡಿಗೆ ನಡೆದುಹೋಗಿ ಹತ್ತಿದೆವು.

ಟೋಲಿನಲ್ಲಿ ಗಾಡಿಯ ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲ ಅಂತ ತಿಳಿಯಿತು. 2021ರ ಫೆಬ್ರವರಿಯಿಂದ ಕಡ್ಡಾಯವಾದ ಈ ವ್ಯವಸ್ಥೆಯಲ್ಲಿ ಖಾಲಿ ಟ್ಯಾಗಿನವರು ಆಗ ದುಪ್ಪಟ್ಟು ತೆರಬೇಕಿತ್ತು. ಹಿಂದಿನ ಲಾರಿಯವನು ಹಾರ್ನಿನ ಮೇಲೆ ಅಂಗೈ ಊರಿ ಕೂತ. ಇಲ್ಲಿ ಮೊದಲ ‘ನಾನು ಮೊದಲೇ ಹೇಳಿದ್ದೆ’ ಕೇಳಿಬಂತು. ಹೇಳಿದ್ದು ಅಕ್ಕ. ಏನು ಹೇಳಿದ್ದಳು, ಯಾವಾಗ ಹೇಳಿದ್ದಳು, ಯಾರಿಗೂ ನೆನಪಿಲ್ಲ. ಆದರೆ ಆ ವಾಕ್ಯಕ್ಕೆ ದಾಖಲೆ ಬೇಕಾಗುವುದಿಲ್ಲ, ಅದೇ ಅದರ ಗಮ್ಮತ್ತು.

ಕುಣಿಗಲ್ ದಾಟುವುದರೊಳಗೆ ಅಕ್ಕನ ಕಿರಿಯ ಮಗ ಪುಳಿಯೋಗರೆಯನ್ನು ಕವರಿಗೆ ಒಪ್ಪಿಸಿದ. ಕಣ್ಣು ಮೊಬೈಲಿನ ಮೇಲಿದ್ದರೆ ಅದು ‘ನಾವು ಕೂತಲ್ಲೇ ಕೂತಿದ್ದೇವೆ’ ಎನ್ನುತ್ತದೆ. ಒಳಗಿವಿ ‘ಇಲ್ಲ, ಓಡುತ್ತಿದ್ದೇವೆ’ ಎನ್ನುತ್ತದೆ. ಈ ಇಬ್ಬರ ಜಗಳದಲ್ಲಿ ಹೊಟ್ಟೆ ಸಭಾತ್ಯಾಗ ಮಾಡುತ್ತದೆ. ಅದಕ್ಕೇ ಕಿಟಕಿಯಾಚೆ ದೂರಕ್ಕೆ ನೋಡು ಎನ್ನುವುದು. ನಮ್ಮ ಗಾಡಿಯಲ್ಲಿ ಒಬ್ಬೊಬ್ಬರದು ಒಂದೊಂದು ಮದ್ದು: ನಿಂಬೆಹಣ್ಣು ಮೂಸು, ಹುಣಸೆಹಣ್ಣು ಚೀಪು, ಶುಂಠಿ ಕಚ್ಚು. ಹುಡುಗ ಮೂರನ್ನೂ ಒಟ್ಟಿಗೆ ಪ್ರಯೋಗಿಸಿ ಎರಡನೆಯ ಕವರನ್ನೂ ತುಂಬಿಸಿದ.

ಶಾಂತಿಗ್ರಾಮದ ಹತ್ತಿರ ಹಿಂದಿನ ಟೈರು ಕೂತಿತು. ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲೂ ಗಾಳಿ ಇಲ್ಲ. ಡ್ರೈವರಣ್ಣ ಅದನ್ನು ಬೆರಳಿನಿಂದ ಒತ್ತಿ, ಆಶ್ಚರ್ಯವನ್ನೇನೂ ಪಡದೆ, ‘ಇದೂ ಹೋಗಿದೆ’ ಎಂದು ಘೋಷಿಸಿ, ಬಂದ ಆಟೋದಲ್ಲಿ ಎರಡನ್ನೂ ಹಾಕಿಕೊಂಡು ಹೋದ. ಚಿಕ್ಕಪ್ಪ, ಭಾವ, ನಾನು ಜೊತೆಗೆ. ಪಂಕ್ಚರ್ ಅಂಗಡಿಯ ಹುಡುಗ ಟ್ಯೂಬಿಗೆ ಗಾಳಿ ಹೊಡೆದು, ಕಪ್ಪು ನೀರಿನ ತೊಟ್ಟಿಯಲ್ಲಿ ಅದ್ದಿ, ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದ. ಒಂದು ಕಡೆ ಬುಳುಬುಳು ಎಂದು ಗುಳ್ಳೆ ಎದ್ದವು. ಅಲ್ಲಿ ಬೆರಳಿಟ್ಟು, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಊದಿ ಒಣಗಿಸಿ, ಪ್ಯಾಚು ಅಂಟಿಸಿ ಸುತ್ತಿಗೆಯಿಂದ ಬಡಿದ. ಆಮೇಲೆ ಟೈರಿನ ಒಳಮೈಯನ್ನು ಬರಿಗೈಯಲ್ಲಿ ಸವರಿಕೊಂಡು ಹೋಗಿ ಮೊಳೆಯೊಂದನ್ನು ಎಳೆದು ಭಾವನ ಅಂಗೈ ಮೇಲಿಟ್ಟ. ಭಾವ ಅದನ್ನು ಜೇಬಿಗೆ ಹಾಕಿಕೊಂಡರು. ಗಾಡಿಗೆ ವಾಪಸ್ ಬಂದವರೇ ಎಲ್ಲರ ಮುಂದೆ ಹಿಡಿದು, ‘ನೋಡಿ, ತಪ್ಪು ಇದರದ್ದು’ ಎಂದರು. ಯಾರೂ ಒಪ್ಪಲಿಲ್ಲ.

ಚಿಕ್ಕಮ್ಮನ ತೀರ್ಪೇ ಬೇರೆ. ರಾಹುಕಾಲ ತಪ್ಪಿಸಿಕೊಂಡೆವು, ಸರಿ. ಆದರೆ ಲಗೇಜು ಏರಿಸಿದ್ದು ಏಳು ಗಂಟೆಗೆ. ಶನಿವಾರ ಆರರಿಂದ ಏಳೂವರೆ ಗುಳಿಕಕಾಲ. ಗುಳಿಕದಲ್ಲಿ ಮಾಡಿದ ಕೆಲಸ ಮತ್ತೆ ಮತ್ತೆ ಮಾಡಬೇಕಾಗಿ ಬರುತ್ತದೆ. ‘ನೋಡ್ತಾ ಇರಿ, ಇನ್ನೆಷ್ಟು ಸಲ ಈ ಲಗೇಜು ಇಳಿಸಿ ಹತ್ತಿಸ್ತೀರೋ’ ಎಂದರು. ಗುಳಿಕನ ಬಗ್ಗೆ ನನಗೆ ನಂಬಿಕೆ ಇಲ್ಲ. ಆದರೆ ಗುಳಿಕ ಆ ದಿನ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿದ ಎನ್ನುವುದನ್ನು ಒಪ್ಪಲೇಬೇಕು.

ಸಕಲೇಶಪುರದಲ್ಲಿ ಪೊಲೀಸರ ಬ್ಯಾರಿಕೇಡು. ಮುಂದೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿದೆ, ಗಾಡಿ ಬಿಡುವುದಿಲ್ಲ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಗಂಟಲು ಈ ಘಾಟಿ. 2018ರಲ್ಲಿ ಕಾಂಕ್ರೀಟ್ ಹಾಕಲೆಂದು ತಿಂಗಳುಗಟ್ಟಲೆ ಮುಚ್ಚಿ, ಜುಲೈಯಲ್ಲಿ ತೆರೆದರೆ, ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತ್ತು. 2024ರ ಜುಲೈಯಲ್ಲೂ ಮಣ್ಣು ಜಾರಿ ಗಾಡಿಗಳು ಸಿಕ್ಕಿಹಾಕಿಕೊಂಡಿದ್ದವು. ಚಿಕ್ಕಪ್ಪನಿಗೆ ಈಗ ಮೈಯೆಲ್ಲ ಹುರುಪು. ‘ರಸ್ತೆ ಅಗಲ ಮಾಡೋಕೆ ಅಂತ ಗುಡ್ಡಾನ ನೆಟ್ಟಗೆ ಕಡೀತಾರೆ. ಮೇಲಿನ ಮಣ್ಣು ನೀರು ಕುಡಿದು ಭಾರ ಆಗುತ್ತೆ, ಕೆಳಗೆ ತಡೆಯೋಕೆ ಪಾದ ಇಲ್ಲ. ಇಳಿಜಾರು ಕೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಕಡಿದು, ನೀರಿಗೆ ಚರಂಡಿ ಬಿಡಬೇಕು’ ಎಂದು ಬ್ಯಾರಿಕೇಡಿನ ಪಕ್ಕ ಛತ್ರಿ ಹಿಡಿದು ನಿಂತು ಪೊಲೀಸ್ ಪೇದೆಗೆ ಪಾಠ ಮಾಡಿದರು. ಪೇದೆ ಪೂರ್ತಿ ಕೇಳಿಸಿಕೊಂಡು, ‘ಸರಿ ಸಾರ್, ಗಾಡಿ ಸೈಡಿಗೆ ಹಾಕಿ’ ಎಂದ.

ಹಾಸನಕ್ಕೆ ಹಿಂತಿರುಗಿ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಿರಿ ಎಂದು ಪೊಲೀಸರ ಸಲಹೆ. ಹಿಂತಿರುಗುವುದು ಭಾವನ ಎಕ್ಸೆಲ್ಲಿಗೆ ಒಗ್ಗದ ಕ್ರಿಯಾಪದ. ಹಾನಬಾಳಿನ ಮೇಲೆ ಮೂಡಿಗೆರೆಗೆ ನೇರ ದಾರಿ ಇದೆಯಲ್ಲ ಎಂದರು. ಅದೇನೋ ಇದೆ, ಒಳ್ಳೆಯ ದಾರಿಯೇ. ಆದರೆ ಭಾವನ ಕೈಯಲ್ಲಿ ಮೊಬೈಲ್ ಇತ್ತು, ಮೊಬೈಲಿನಲ್ಲಿ ದಾರಿ ಹೇಳುವ ಆ ಹೆಂಗಸು ಇದ್ದಳು, ಅವಳು ಇನ್ನೂ ಹತ್ತಿರದ ದಾರಿಯೊಂದನ್ನು ನೀಲಿ ಗೆರೆ ಎಳೆದು ತೋರಿಸಿದಳು. ಹದಿನಾಲ್ಕು ನಿಮಿಷ ಉಳಿತಾಯ! ‘ಸಾರ್, ಊರಿನೋರನ್ನ ಕೇಳೋಣ’ ಎಂದ ಡ್ರೈವರಣ್ಣ. ‘ಸ್ಯಾಟಲೈಟು ಸುಳ್ಳು ಹೇಳುತ್ತೇನಪ್ಪಾ?’ ಎಂದರು ಭಾವ.

ಟಾರು ಮುಗಿಯಿತು. ಜಲ್ಲಿ ಮುಗಿಯಿತು. ಕೆಂಪು ಮಣ್ಣು ಬಂತು, ನೆಟ್‌ವರ್ಕ್ ಹೋಯಿತು, ಸಿಲ್ವರ್ ಓಕ್ ಮರಗಳ ನಡುವೆ ಒಂದು ಕಬ್ಬಿಣದ ಗೇಟಿನ ಮುಂದೆ ಹೆಂಗಸಿನ ಧ್ವನಿ ನಿಂತಿತು. ಯಾರದೋ ಕಾಫಿ ತೋಟ. ಗೊರಬು ಹೊದ್ದು ಬಂದ ತೋಟದ ರೈಟರು ನಮ್ಮನ್ನು ನೋಡಿ ನಕ್ಕರು. ‘ಟಿಟಿನಾ? ಹೋದ ವಾರ ಬಸ್ಸೇ ಬಂದಿತ್ತು’ ಎಂದರು. ತಿರುಗಿಸಲು ಜಾಗವಿಲ್ಲ. ಬಂದಷ್ಟೂ ದಾರಿ ರಿವರ್ಸ್. ಭಾರ ಕಡಿಮೆಯಾಗಲಿ ಅಂತ ದೊಡ್ಡಮ್ಮನೊಬ್ಬರನ್ನು ಬಿಟ್ಟು ಎಲ್ಲರೂ ಇಳಿದೆವು. ಲಗೇಜೂ ಇಳಿಯಿತು. ಗುಳಿಕ!

ಆ ಮಳೆಯಲ್ಲಿ ಕಾಫಿ ಗಿಡಗಳ ಅಂಚಿನಲ್ಲಿ ನಡೆದವರ ಕಾಲಿಗೆ ಏನು ಹತ್ತುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಗಾಡಿ ಹತ್ತಿ ಕೂತ ಮೇಲೆ ಚಿಕ್ಕಪ್ಪ ಪ್ಯಾಂಟು ಮಡಿಸಿದರು. ಮೀನಖಂಡದ ಮೇಲೆ ಇಂಬಳವೊಂದು ದಪ್ಪಗೆ, ನುಣ್ಣಗೆ, ಹೊಳೆಯುತ್ತ, ಒಂದು ಕಳಿತ ನೇರಳೆಹಣ್ಣಿನ ಹಾಗೆ ಜೋತುಬಿದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಚಿಕ್ಕಮ್ಮ ಕಿರುಚಿದ ಮೇಲೆಯೇ ಅವರಿಗೆ ನೋವು ಶುರುವಾಯಿತು. ಕಿತ್ತರೆ ಹಲ್ಲು ಒಳಗೇ ಉಳಿಯುತ್ತೆ, ಬೆಂಕಿಕಡ್ಡಿ ಗೀರಿ, ಉಪ್ಪು ಹಾಕಿ ಎಂದು ಎಲ್ಲರೂ ಕೂಗಾಡುವಾಗ ದೊಡ್ಡಮ್ಮ ಸದ್ದಿಲ್ಲದೆ ಸೊಂಟದಿಂದ ಎಲೆಅಡಿಕೆ ಸಂಚಿ ತೆಗೆದು, ಸುಣ್ಣದ ಡಬ್ಬಿಯಿಂದ ಉಗುರಿನ ತುದಿಯಷ್ಟು ಸುಣ್ಣ ಎತ್ತಿ ಇಂಬಳಕ್ಕೆ ಮುಟ್ಟಿಸಿದರು. ಅದು ಮುದುಡಿ ಕಳಚಿ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ. ಇಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸವನ್ನೂ ಬಿಟ್ಟುಹೋಗುತ್ತದೆ. ಸೀಟಿನ ಕವರಿಗಾದ ಕಲೆಯನ್ನು ಭಾವನ ಲೆಕ್ಕಕ್ಕೇ ಬರೆಯಲಾಯಿತು.

ಮೂಡಿಗೆರೆ ದಾಟಿದ ಮೇಲೆ ವೈಪರ್ ನಿಂತಿತು. ಸಣ್ಣ ಸಂಗತಿ ಎಂದುಕೊಳ್ಳಬೇಡಿ. ಅಲ್ಲಿ ಸುರಿಯುವುದು ಹನಿಯಲ್ಲ, ಹಗ್ಗ. ಎದುರಿನ ಲಾರಿಯ ದೀಪ ಗಾಜಿನ ತುಂಬ ಹಳದಿಯಾಗಿ ಹರಡಿಕೊಂಡಿತು. ಡ್ರೈವರಣ್ಣ ಗಾಡಿಯನ್ನು ಪಕ್ಕಕ್ಕೆ ಹಾಕಿ, ಫ್ಯೂಸು ತೆಗೆದು ನೋಡಿ, ಮೋಟರ್ ತಟ್ಟಿ ನೋಡಿ, ಕೊನೆಗೆ ಒಳಗೆ ತಲೆ ಹಾಕಿ ಕೇಳಿದ: ‘ಯಾರ ಹತ್ರನಾದ್ರೂ ಹೊಗೆಸೊಪ್ಪು ಇದೆಯಾ? ಬೀಡಿ ಆದ್ರೂ ಪರವಾಗಿಲ್ಲ.’

ಸಂಸಾರಸ್ಥರ ಗಾಡಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ದೊಡ್ಡಮ್ಮನಿಗೆ ಡಾಕ್ಟರು ಹೊಗೆಸೊಪ್ಪು ಬಿಡಿ ಎಂದಿದ್ದರು. ದೊಡ್ಡಮ್ಮ ಬಿಟ್ಟಿದ್ದರು. ಬಿಟ್ಟಿದ್ದಾರೆಂದು ಅಕ್ಕ ನೆಂಟರಿಷ್ಟರಿಗೆಲ್ಲ ಹೆಮ್ಮೆಯಿಂದ ಸಾರಿದ್ದಳು. ಈಗ ಬರೀ ಎಲೆ, ಅಡಿಕೆ, ಸುಣ್ಣ ಅಷ್ಟೇ ಎಂದು ಆಣೆ ಮಾಡುವವಳೂ ಅವಳೇ. ಗಾಡಿಯೊಳಗೆ ಮಳೆ ಸದ್ದಿನ ಹೊರತು ಸದ್ದಿಲ್ಲ. ಡ್ರೈವರಣ್ಣ ದೊಡ್ಡಮ್ಮನನ್ನೇ ನೋಡುತ್ತಿದ್ದ. ಹಾದಿಬೀದಿಯಲ್ಲಿ ಬದುಕಿದವರಿಗೆ ಇನ್ನೊಬ್ಬರ ಚಟ ವಾಸನೆಯಲ್ಲೇ ತಿಳಿಯುತ್ತದೆ. ದೊಡ್ಡಮ್ಮ ಒಮ್ಮೆ ಅಕ್ಕನ ಕಡೆ ನೋಡಿದರು, ಒಮ್ಮೆ ಗಾಜಿನ ಕಡೆ ನೋಡಿದರು. ಸಂಚಿಯ ಮೂರನೆಯ ಪದರಕ್ಕೆ ಕೈ ಹಾಕಿ ಕಡ್ಡಿಪುಡಿಯ ಪೊಟ್ಟಣ ತೆಗೆದರು. ಪೊಟ್ಟಣ ಅರ್ಧ ಖಾಲಿಯಾಗಿತ್ತು!

‘ಯಾವತ್ತಾದ್ರೂ ಬೇಕಾಗತ್ತೆ ಅಂತ ಇಟ್ಕೊಂಡಿದ್ದೆ’ ಎಂದರು, ಕಿಟಕಿಯಾಚೆ ನೋಡುತ್ತ.

ಡ್ರೈವರಣ್ಣ ಕಡ್ಡಿಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಗಾಜಿನ ತುಂಬ ಗಸಗಸ ಉಜ್ಜಿದ. ಹನಿಗಳು ಗುಂಡಗೆ ನಿಲ್ಲುವುದನ್ನು ಬಿಟ್ಟು ತೆಳ್ಳನೆ ಪದರವಾಗಿ ಇಳಿಯತೊಡಗಿದವು. ರಸ್ತೆ ಕಂಡಿತು. ಪೂರ್ತಿ ಅಲ್ಲ, ನಿಧಾನಕ್ಕೆ ಹೋಗುವಷ್ಟು. ಲಾರಿಯವರ ಹಳೆಯ ಉಪಾಯವಂತೆ ಅದು. ಆಲೂಗಡ್ಡೆ ಹೋಳಿನಿಂದಲೂ ಉಜ್ಜುತ್ತಾರಂತೆ. ನಮ್ಮ ಹತ್ತಿರ ಆಲೂಗಡ್ಡೆ ಇತ್ತು, ಆದರೆ ಅದು ಪಲ್ಯವಾಗಿತ್ತು.

ಇದೆಲ್ಲ ನಮ್ಮ ಮನೆಗೇ ಅಂಟಿದ ಶನಿ ಅಂತ ತಿಳಿಯಬೇಡಿ. ಜಗತ್ತಿನಲ್ಲಿ ಮೊಟ್ಟಮೊದಲು ಕಾರಿನಲ್ಲಿ ದೂರ ಪ್ರಯಾಣ ಮಾಡಿದಾಕೆಯ ಪಾಡೂ ಇದೇ. 1888ರ ಆಗಸ್ಟ್. ಜರ್ಮನಿಯ ಮಾನ್‌ಹೈಮ್. ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಗಾಡಿ ಮಾಡಿ 1886ರಲ್ಲೇ ಪೇಟೆಂಟು ಪಡೆದಿದ್ದ, ಕೊಳ್ಳುವವರು ಮಾತ್ರ ಕಾಣೆ. ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ ಕೇಳದೆ, ಬೆಳ್ಳಂಬೆಳಗ್ಗೆ ಇಬ್ಬರು ಗಂಡುಮಕ್ಕಳನ್ನು ಹತ್ತಿಸಿಕೊಂಡು ನೂರು ಕಿಲೋಮೀಟರ್ ಆಚೆಯ ಪ್ಫೋರ್ಟ್ಸ್‌ಹೈಮಿಗೆ ಹೊರಟುಬಿಟ್ಟಳು. ಅದು ಅವಳ ತವರು. ಅವರಲ್ಲಿ ಆಷಾಢ ಇಲ್ಲ ನೋಡಿ, ಇದ್ದಿದ್ದರೆ ಹೇಳಿಯೇ ಹೋಗಬಹುದಿತ್ತು. ದಾರಿಯಲ್ಲಿ ಇಂಧನ ಮುಗಿಯಿತು. ಪೆಟ್ರೋಲ್ ಬಂಕು ಇನ್ನೂ ಹುಟ್ಟಿರಲಿಲ್ಲ, ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯುವ ಲಿಗ್ರೋಯಿನ್ ಕೊಂಡು ಸುರಿದಳು. ಇಂಧನದ ಕೊಳವೆ ಕಟ್ಟಿಕೊಂಡಿತು; ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆಯಿತು. ಕಾಲುಚೀಲ ಕಟ್ಟುವ ಪಟ್ಟಿ ಸುತ್ತಿದಳು. ಬ್ರೇಕು ಸವೆಯಿತು, ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಏರಿನಲ್ಲಿ ಮಕ್ಕಳು ಇಳಿದು ತಳ್ಳಿದರು. ಸಂಜೆಗೆ ತಲುಪಿ ಗಂಡನಿಗೆ ಟೆಲಿಗ್ರಾಂ ಕಳಿಸಿದಳು.

ಈ ಕಥೆಯನ್ನು ನಾನು ಗಾಡಿಯಲ್ಲಿ ಹೇಳಿದಾಗ ಎಲ್ಲರೂ ಕೇಳಿದರು. ಅಕ್ಕ ಮಾತ್ರ ಒಂದು ಪ್ರಶ್ನೆ ಕೇಳಿದಳು: ‘ಗಂಡ ಜೊತೇಲಿ ಇರಲಿಲ್ವಾ?’ ಇರಲಿಲ್ಲ ಎಂದೆ. ‘ಅದಕ್ಕೇ ತಲುಪಿದ್ದಾಳೆ’ ಎಂದಳು. ಭಾವ ಮೊಬೈಲಿನಲ್ಲಿ ಸಿಗ್ನಲ್ ಹುಡುಕುವುದರಲ್ಲಿ ಮಗ್ನರಾದರು.

ಕೊಟ್ಟಿಗೆಹಾರ ಸೇರಿದಾಗ ಕತ್ತಲು, ಮಂಜು. ‘ಈಗ ಚಾರ್ಮಾಡಿ ಇಳಿಸಲ್ಲ ಸಾರ್’ ಎಂದ ಡ್ರೈವರಣ್ಣ. ಇಡೀ ದಿನದಲ್ಲಿ ಅವನು ಹಟ ಹಿಡಿದದ್ದು ಅದೊಂದಕ್ಕೇ. ಧರ್ಮಸ್ಥಳದಲ್ಲಿ ಬುಕ್ಕಾದ ರೂಮುಗಳು ನಮ್ಮ ಹೆಸರಿನಲ್ಲಿ ಖಾಲಿ ಮಲಗಿದವು. ನಾವು ಒಂದು ಹಾಲಿನಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗಿದೆವು. ಅದಕ್ಕೆ ಮುಂಚೆ ಬಿಸಿಬಿಸಿ ನೀರುದೋಸೆ ತಿಂದೆವು, ತೆಳ್ಳಗೆ, ಕರವಸ್ತ್ರ ಮಡಚಿ ಇಟ್ಟ ಆಕಾರದಲ್ಲಿ, ಕಾಯಿಚಟ್ನಿಯ ಜೊತೆ. ಎಷ್ಟು ತಿಂದೆವು ಅಂತ ಯಾರೂ ಎಣಿಸಲಿಲ್ಲ. ಆ ಅರ್ಧ ಗಂಟೆ ವಿಚಾರಣೆಯನ್ನೂ ಮುಂದೂಡಲಾಗಿತ್ತು.

ಮಾರನೆಯ ಬೆಳಗ್ಗೆ ಚಾರ್ಮಾಡಿಯಲ್ಲಿ ಮರ ಬಿದ್ದಿತ್ತು. ಹನ್ನೊಂದರವರೆಗೆ ಕಾದೆವು. ಭಾವ ಎಕ್ಸೆಲ್ ತಿದ್ದಿದರು: ಧರ್ಮಸ್ಥಳ ಬಿಡಿ, ಇಲ್ಲಿಂದ ನೇರ ಕಳಸ, ಹೊರನಾಡು. ಕಳಸದವರೆಗೆ ಹೋದೆವು. ಮುಂದೆ ಹೆಬ್ಬಾಳೆ ಸೇತುವೆ. ಭದ್ರಾ ನದಿ ಸೇತುವೆಯ ಮೇಲೆ ಹರಿಯುತ್ತಿತ್ತು. ಆ ಸೇತುವೆ ಜೋರು ಮಳೆಗಾಲದಲ್ಲಿ ಮುಳುಗುವುದು ಅಲ್ಲಿಯವರಿಗೆ ಹೊಸದಲ್ಲ. ನಿಂತು ನೋಡುವವರು, ವಿಡಿಯೋ ಮಾಡುವವರು ಸೇರಿದ್ದರು. ಅಲ್ಲಿದ್ದವರೊಬ್ಬರು ಸೌಜನ್ಯದಿಂದ, ‘ಹಳುವಳ್ಳಿ ಕಡೆಯಿಂದ ಹೋಗ್ಬೋದು, ಬೇರೆ ದಾರಿ ಇದೆ’ ಎಂದರು. ‘ಬೇರೆ ದಾರಿ’ ಎಂಬ ಎರಡು ಶಬ್ದ ಕಿವಿಗೆ ಬಿದ್ದದ್ದೇ ಗಾಡಿಯಲ್ಲಿದ್ದವರೆಲ್ಲ ಒಕ್ಕೊರಲಿನಿಂದ ‘ಬೇಡ!’ ಎಂದರು. ಟೂರು ಹೊರಟಾಗಿನಿಂದ ಎಲ್ಲರೂ ಒಪ್ಪಿದ ಮೊದಲ ನಿರ್ಣಯ ಅದು. ಅಲ್ಲೇ ಚಿಕ್ಕಮ್ಮನ ಚಪ್ಪಲಿ ಕಿತ್ತಿತು. ದೊಡ್ಡಮ್ಮ ಬಳೆಯಿಂದ ಪಿನ್ನು ಬಿಚ್ಚಿ ಕೊಟ್ಟರು.

ಕಳಸೇಶ್ವರನ ಮೆಟ್ಟಿಲು ಹತ್ತಿ ಕೈಮುಗಿದೆವು, ಅಲ್ಲೇ ರಾತ್ರಿ ಕಳೆದೆವು, ಸೋಮವಾರ ವಾಪಸ್ ಹೊರಟು ದಾರಿಯಲ್ಲಿ ಬೇಲೂರು ನೋಡಿದೆವು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಭಾವನ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ನಿಮಿಷದ ಮಿತಿಯೂ ಇರಲಿಲ್ಲ. ಚಿಕ್ಕಪ್ಪ ಮಾತ್ರ ತಳಪಾಯದ ಸುತ್ತ ನೀರು ಹೋಗುವ ವ್ಯವಸ್ಥೆ ನೋಡಿಕೊಂಡು ಒಂದು ಸುತ್ತು ಬಂದು, ‘ಆ ಕಾಲದಲ್ಲೇ ಚರಂಡಿ ಕೊಟ್ಟಿದ್ದಾರೆ ನೋಡು’ ಎಂದು ಭಾವನಿಗೆ ತೋರಿಸಿದರು. ಶಿರಾಡಿ ಕುಸಿದದ್ದಕ್ಕೂ ಭಾವನಿಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ಆ ಹೊತ್ತಿಗೆ ಅದು ಎಲ್ಲರಿಗೂ ರುಜುವಾತಾಗಿತ್ತು.

ಮನೆ ಮುಂದೆ ರಾತ್ರಿ ಲೆಕ್ಕ ಚುಕ್ತಾ. ದಿನಕ್ಕೆ ಮಿನಿಮಮ್ 300 ಕಿಲೋಮೀಟರು, ಮೂರು ದಿನಕ್ಕೆ 900. ಓಡಿದ್ದು ಅದಕ್ಕಿಂತ ಬಹಳ ಕಡಿಮೆ. ‘ನಿಂತಿದ್ದೇ ಜಾಸ್ತಿ ಅಲ್ಲಪ್ಪಾ, ನಿಂತಿದ್ದಕ್ಕೂ ದುಡ್ಡಾ?’ ಎಂದು ಭಾವ ಚೌಕಾಸಿಗೆ ಇಳಿದರು. ಡ್ರೈವರಣ್ಣ ವಾದ ಮಾಡಲಿಲ್ಲ. ಬಾಟಾ, ಟೋಲು, ಪಾರ್ಕಿಂಗು, ಸೀಟ್ ಕವರು ಒಗೆಸುವ ಖರ್ಚು ಎಂದು ಚೀಟಿಯಲ್ಲಿ ಬರೆದು ಕೈಗಿಟ್ಟ. ಭಾವ ಎಣಿಸಿ ಕೊಟ್ಟರು. ಆಮೇಲೆ ಅಭ್ಯಾಸಬಲದಿಂದಲೋ ಏನೋ, ‘ದಸರಾ ರಜದಲ್ಲಿ ಗೋಕರ್ಣ ಕಡೆ ಒಂದು ಪ್ಲ್ಯಾನ್ ಇದೆ, ಬರ್ತೀಯಾ?’ ಎಂದು ಕೇಳಿಯೇಬಿಟ್ಟರು.

ಡ್ರೈವರಣ್ಣ ಗೇಟಿನ ಕಡೆ ನೋಡಿದ. ದೊಡ್ಡಮ್ಮ ಸಂಚಿ ಹಿಡಿದುಕೊಂಡು ಮೆಲ್ಲಗೆ ಒಳಗೆ ಹೋಗುತ್ತಿದ್ದರು.

‘ಬರ್ತೀನಿ ಸಾರ್’ ಎಂದ, ‘ಅಜ್ಜಿ ಬರೋದಾದ್ರೆ.’